ಸಂಜೆ 175 ವೋಲ್ಟ್ ಬರುವ ಊರಿಗೆ ಯಾವ ಎಸ್‌ಎಂಪಿಎಸ್ ಸರಿ?

ಅಡಿಕೆತೋಟ

ನಮಸ್ಕಾರ. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ತಮ್ಮ ಮದುವೆ ವಿಡಿಯೊ ಎಡಿಟಿಂಗ್ ಶುರು ಮಾಡಿದ್ದಾನೆ, ಅವನಿಗೊಂದು ಡೆಸ್ಕ್‌ಟಾಪ್ ಜೋಡಿಸುತ್ತಿದ್ದೇವೆ. ಇಂಟೆಲ್ ಐ5-12400ಎಫ್, ಆರ್‌ಟಿಎಕ್ಸ್ 4060, 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಹಳೆಯ ಎರಡು ಹಾರ್ಡ್ ಡಿಸ್ಕ್. ಕ್ಯಾಬಿನೆಟ್ ಜೊತೆಗೇ 500 ವ್ಯಾಟಿನ ಎಸ್‌ಎಂಪಿಎಸ್ (ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬಂದಿದೆ, ಇದೇ ಧಾರಾಳವಾಯ್ತು ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 8 ಪಿನ್ ವೈರ್ ಅದರಲ್ಲಿಲ್ಲ. ಮೋಲೆಕ್ಸ್ (ಹಳೆಯ ನಾಲ್ಕು ಪಿನ್ನಿನ) ವೈರಿನಿಂದ ಅದಕ್ಕೆ ತಿರುಗಿಸುವ ಒಂದು ಕನ್ವರ್ಟರ್ ಕೊಟ್ಟಿದ್ದಾರೆ.

ನಮ್ಮ ತಲೆಬಿಸಿ ಕರೆಂಟಿನದು. ಸಂಜೆ ಪಂಪ್‌ಸೆಟ್‌ಗಳು ಶುರುವಾದವೆಂದರೆ ಮೀಟರಿನಲ್ಲಿ 175-180 ವೋಲ್ಟ್ ತೋರಿಸುತ್ತದೆ. ದಿನಕ್ಕೆ ನಾಲ್ಕಾರು ಸಲ ಹೋಗಿ ಬರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ. ಏಪ್ರಿಲ್-ಮೇ ತಿಂಗಳ ಸಿಡಿಲಿನ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಐದು ಸಾವಿರದ ಆಸುಪಾಸಿನಲ್ಲಿ ನಂಬಿಕೆಗೆ ಯೋಗ್ಯವಾದದ್ದು ಯಾವುದು ಸಿಗುತ್ತದೆ? ಎಷ್ಟು ವ್ಯಾಟ್ ಬೇಕು?

ಬಿಟ್‌ಬೈಟ್

850 ವ್ಯಾಟಿನ 80 ಪ್ಲಸ್ ಗೋಲ್ಡ್ (ಕರೆಂಟ್ ಕಡಿಮೆ ಪೋಲು ಮಾಡುವ ದರ್ಜೆ) ತೆಗೆದುಕೊಳ್ಳಿ, ಹತ್ತು ವರ್ಷ ಆ ಕಡೆ ತಿರುಗಿ ನೋಡುವುದು ಬೇಡ. ಮುಂದೆ ದೊಡ್ಡ ಕಾರ್ಡ್ ಹಾಕಿದರೂ ನಡೆಯುತ್ತದೆ. ಬಜೆಟ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ ಅಷ್ಟೇ.

ಸರ್ವಿಸ್‌ಬೆಂಚ್

ಅಡಿಕೆತೋಟ ಅವರೇ, ಏನು ಕೊಳ್ಳಬೇಕು ಅನ್ನುವ ಮೊದಲು ಈಗಿರುವ ಎಸ್‌ಎಂಪಿಎಸ್ ಮೈಮೇಲಿನ ಲೇಬಲ್ಲಿನಲ್ಲಿ ಏನಿದೆ, ಸಾಲು ಸಾಲಾಗಿ ಬರೆಯಿರಿ. ಮುಖ್ಯವಾಗಿ ಇನ್‌ಪುಟ್ ವೋಲ್ಟೇಜ್ ಮತ್ತು 12 ವೋಲ್ಟ್ ಎದುರಿಗಿರುವ ಆಂಪ್. ಆ ಕನ್ವರ್ಟರನ್ನು ಮಾತ್ರ ದಯವಿಟ್ಟು ಹಾಕಬೇಡಿ.

ಅಡಿಕೆತೋಟ

ದೊಡ್ಡ ಅಕ್ಷರದಲ್ಲಿ 500 ವ್ಯಾಟ್ ಅಂತಿದೆ. ಕೆಳಗೆ ಸಣ್ಣದಾಗಿ: ಇನ್‌ಪುಟ್ 220-240 ವೋಲ್ಟ್. 3.3 ವೋಲ್ಟ್ 14 ಆಂಪ್, 5 ವೋಲ್ಟ್ 18 ಆಂಪ್, 12 ವೋಲ್ಟ್ 16 ಆಂಪ್. 80 ಪ್ಲಸ್ ಗುರುತು ಏನೂ ಕಾಣುತ್ತಿಲ್ಲ. ಕೈಯಲ್ಲಿ ಹಿಡಿದರೆ ಬಹಳ ಹಗುರ.

ಸರ್ವಿಸ್‌ಬೆಂಚ್

ಅಂದುಕೊಂಡ ಹಾಗೇ ಇದೆ. ಈಗ ಲೆಕ್ಕ ನೋಡಿ. ಇವತ್ತಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು 12 ವೋಲ್ಟ್ ಸಾಲಿನಿಂದ. 12 ಗುಣಿಸು 16, ಬಂದದ್ದು 192 ವ್ಯಾಟ್. ನಿಮ್ಮ ಕೆಲಸಕ್ಕೆ ಬರುವ ಶಕ್ತಿ ಅಷ್ಟೇ. ಉಳಿದದ್ದನ್ನು 3.3 ಮತ್ತು 5 ವೋಲ್ಟಿನಲ್ಲಿ ತೋರಿಸಿ 500ರ ಹತ್ತಿರಕ್ಕೆ ತರಲು ನೋಡಿದ್ದಾರೆ. ಆ ಸಾಲುಗಳಲ್ಲಿ ಈಗ ಯಾರೂ ಅಷ್ಟು ಕರೆಂಟ್ ಬಳಸುವುದಿಲ್ಲ. ಲೇಬಲ್ಲಿನ ಎಲ್ಲ ಸಾಲು ಕೂಡಿದರೂ 500 ಮುಟ್ಟುವುದಿಲ್ಲ, ಬೇಕಿದ್ದರೆ ಕೂಡಿಸಿ ನೋಡಿ.

ಇನ್ನು ನಿಮ್ಮ ಮಷೀನಿಗೆ ಬೇಕಾದದ್ದು. 12400ಎಫ್ ಟರ್ಬೊದಲ್ಲಿ (ಪೂರ್ತಿ ವೇಗದಲ್ಲಿ) 117 ವ್ಯಾಟ್ ತನಕ ಹೋಗುತ್ತದೆ ಎಂದು ಇಂಟೆಲ್ಲೇ ಹೇಳಿದೆ. ಆರ್‌ಟಿಎಕ್ಸ್ 4060ಗೆ 115. ಎರಡಕ್ಕೇ 232 ಆಯಿತು. ಬೋರ್ಡ್, ಫ್ಯಾನ್, ಹಾರ್ಡ್ ಡಿಸ್ಕ್ ಸೇರಿಸಿದರೆ 280ರ ಸುತ್ತಮುತ್ತ. ರೆಂಡರಿಂಗ್ (ಎಡಿಟ್ ಆದ ವಿಡಿಯೊ ಸಿದ್ಧಪಡಿಸುವುದು) ಅಂದರೆ ಪ್ರೊಸೆಸರ್, ಕಾರ್ಡ್ ಎರಡೂ ಗಂಟೆಗಟ್ಟಲೆ ಒಟ್ಟಿಗೆ ದುಡಿಯುವ ಕೆಲಸ. 192 ಕೊಡುವುದರಿಂದ 280 ಎಳೆಯಲು ಹೋದರೆ, ಒಳ್ಳೆಯ ಯೂನಿಟ್ ಆದರೆ ಆಫ್ ಆಗುತ್ತದೆ. ಇಂಥದ್ದು ಆಫ್ ಆಗುವುದಿಲ್ಲ, ಸುಡುತ್ತದೆ. ಸುಡುವಾಗ ಎದುರಿಗಿರುವ ಬೋರ್ಡನ್ನೂ ಕೆಲವೊಮ್ಮೆ ಜೊತೆಗೆ ಕರೆದುಕೊಂಡು ಹೋಗುತ್ತದೆ. ನನ್ನ ಬೆಂಚಿಗೆ ಬರುವ ಸತ್ತ ಮದರ್‌ಬೋರ್ಡುಗಳಲ್ಲಿ ಎಷ್ಟೋ ಇದೇ ಕಥೆ. ಹೊಟ್ಟೆಪಾಡಿಗೆ ಕಂಪ್ಯೂಟರ್ ನಂಬಿದ ಹುಡುಗರು ಸೀಸನ್ ಮಧ್ಯೆ ಹೊತ್ತು ತರುತ್ತಾರೆ, ಅವರ ಮುಖ ನೋಡಲಾಗುವುದಿಲ್ಲ.

ಕನ್ವರ್ಟರ್ ಯಾಕೆ ಬೇಡ ಅಂದರೆ, ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಪಿಸಿಐಇ ಕನೆಕ್ಟರ್ 150 ವ್ಯಾಟಿಗೆ ಲೆಕ್ಕ ಹಾಕಿದ್ದು. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಅದಕ್ಕೆ 18 ಗೇಜಿನ ವೈರ್ ಇರುತ್ತದೆ, ವೈರಿನ ಮೈಮೇಲೇ 18 ಎಡಬ್ಲ್ಯೂಜಿ ಎಂದು ಅಚ್ಚಾಗಿರುತ್ತದೆ. ಅಗ್ಗದ ಯೂನಿಟ್ಟಿನ ಮೋಲೆಕ್ಸ್ ವೈರ್ 20, 22 ಗೇಜ್ ಇರುವುದುಂಟು. ಸಂಖ್ಯೆ ಹೆಚ್ಚಾದಷ್ಟೂ ವೈರ್ ತೆಳು. ಸಾಟಾಗೆ (ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಕನೆಕ್ಟರ್) ತಿರುಗಿಸುವ, ಪ್ಲಾಸ್ಟಿಕ್ ಅಚ್ಚು ಹೊಯ್ದ ಮೋಲೆಕ್ಸ್ ಕನ್ವರ್ಟರುಗಳಂತೂ ಕರಗಿ ಬೆಂಕಿ ಹಿಡಿಯುವುದಕ್ಕೇ ಹೆಸರುವಾಸಿ.

550 ವ್ಯಾಟ್ ಸಾಕು. ಒಳ್ಳೆಯ 550ರ ಲೇಬಲ್ ನೋಡಿ, 12 ವೋಲ್ಟಿನಲ್ಲಿ 45 ಆಂಪ್ ಹತ್ತಿರ ಬರೆದಿರುತ್ತದೆ. ಅಂದರೆ 540 ವ್ಯಾಟ್. ಹೆಚ್ಚುಕಡಿಮೆ ಪೂರ್ತಿ ಶಕ್ತಿ ಒಂದೇ ಸಾಲಿನಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ನಿಂತುಕೊಂಡೇ ಅಸಲಿ ಯಾವುದು ಎಂದು ಗುರುತಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಬಿಟ್‌ಬೈಟ್

550 ಸಾಕು ಅನ್ನುವುದನ್ನು ಒಪ್ಪಿದೆ. ಆದರೆ ಗೋಲ್ಡೇ ಇರಲಿ ಸರ್. ಕರೆಂಟ್ ಬಿಲ್ಲಿನಲ್ಲೇ ದುಡ್ಡು ವಾಪಸ್ ಬರುತ್ತದೆ.

ಲೆಕ್ಕದಪುಸ್ತಕ

ಬರುವುದಿಲ್ಲ. ಕಂಪ್ಯೂಟರ್ ಸರಾಸರಿ 150 ವ್ಯಾಟ್ ಬಳಸುತ್ತದೆ, ದಿನಕ್ಕೆ 6 ಗಂಟೆ ಓಡುತ್ತದೆ ಎಂದಿಟ್ಟುಕೊಳ್ಳಿ. ಗೋಲ್ಡ್‌ಗಿಂತ ಕೆಳಗಿನ ಬ್ರಾಂಜ್ ದರ್ಜೆಯದು ಸುಮಾರು 85 ಶೇಕಡಾ ದಕ್ಷತೆಯಲ್ಲಿ ಗೋಡೆಯಿಂದ 176 ಎಳೆಯುತ್ತದೆ, ಗೋಲ್ಡ್ 90ರಲ್ಲಿ 167. ವ್ಯತ್ಯಾಸ 9-10 ವ್ಯಾಟ್. ತಿಂಗಳಿಗೆ ಎರಡು ಯೂನಿಟ್ ಕೂಡ ಉಳಿಯುವುದಿಲ್ಲ. ಬೆಲೆಯಲ್ಲಿನ ವ್ಯತ್ಯಾಸ ಎರಡು ಮೂರು ಸಾವಿರ ಇದ್ದರೆ, ಅದು ತಿರುಗಿ ಬರುವ ಹೊತ್ತಿಗೆ ವಾರಂಟಿಯೇ ಮುಗಿದಿರುತ್ತದೆ.

850 ವ್ಯಾಟಿನ ವಿಷಯಕ್ಕೂ ಒಂದು ಮಾತು. ಮಷೀನ್ ಸುಮ್ಮನೆ ಕುಳಿತಾಗ ಎಳೆಯುವುದು ಐವತ್ತು ವ್ಯಾಟ್. ಅದು 850ರ 6 ಶೇಕಡಾ. 80 ಪ್ಲಸ್ ಪರೀಕ್ಷೆ ಮಾಡುವುದು 20, 50, 100 ಶೇಕಡಾ ಲೋಡಿನಲ್ಲಿ; 10ರಲ್ಲಿ ಪರೀಕ್ಷೆ ಇರುವುದು ಟೈಟಾನಿಯಮ್‌ನಂಥ ಮೇಲಿನ ದರ್ಜೆಗೆ ಮಾತ್ರ. ಪೆಟ್ಟಿಗೆ ಮೇಲಿನ ಪದಕ ನಿಮ್ಮ ದಿನದ ಬಹುಪಾಲಿನ ಬಗ್ಗೆ ಏನೂ ಹೇಳುವುದಿಲ್ಲ.

ಸರ್ವಿಸ್‌ಬೆಂಚ್

ಇದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. 80 ಪ್ಲಸ್ 2004ರಿಂದ ಇದೆ, ಅದು ಅಳೆಯುವುದು ದಕ್ಷತೆಯನ್ನು. ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿ ತಂಪಿನಲ್ಲಿ. ಶಾರ್ಟ್ ಆದಾಗ ಆಫ್ ಆಗುತ್ತದೆಯೇ, 12 ವೋಲ್ಟಿನ ಮೇಲೆ ಎಷ್ಟು ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ಇದೆ, ಕರೆಂಟ್ ಹೋದಾಗ ಎಷ್ಟು ಹೊತ್ತು ತಡೆಯುತ್ತದೆ ಎಂಬುದು ಆ ಪದಕದಲ್ಲಿ ಇಲ್ಲ. ರಿಪಲ್ಲಿಗೆ ಇಂಟೆಲ್ ಮಾರ್ಗಸೂಚಿಯ ಮಿತಿ 12 ವೋಲ್ಟಿನಲ್ಲಿ 120 ಮಿಲಿವೋಲ್ಟ್, 5 ಮತ್ತು 3.3ರಲ್ಲಿ 50. ವೋಲ್ಟೇಜ್ ಸಾಮಾನ್ಯವಾಗಿ 5 ಶೇಕಡಾ ಆಚೀಚೆ ಹೋಗಬಹುದು, ಅಂದರೆ 12 ವೋಲ್ಟ್ 11.4ರಿಂದ 12.6ರ ಒಳಗೇ ಇರಬೇಕು. ಇವನ್ನೆಲ್ಲ ಯಂತ್ರಕ್ಕೆ ಹಾಕಿ ಅಳೆದವರ ವರದಿ ನೋಡಬೇಕು. ಸೈಬೆನೆಟಿಕ್ಸ್ ಸಂಸ್ಥೆ 115 ಮತ್ತು 230 ವೋಲ್ಟ್ ಎರಡರಲ್ಲೂ ಪರೀಕ್ಷಿಸಿ ವರದಿಗಳನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟಿದೆ. ಕೊಳ್ಳುವ ಮೊದಲು ಮಾಡೆಲ್ ಹೆಸರು ಹಾಕಿ ಹುಡುಕಿ.

ಈಗ ನಿಮ್ಮ 175 ವೋಲ್ಟಿನ ವಿಷಯ. ನನ್ನ ಪ್ರಕಾರ ಈ ಇಡೀ ಪ್ರಶ್ನೆಯ ಜೀವ ಇರುವುದು ಇಲ್ಲಿ.

ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಮೊದಲು ಗೋಡೆಯ ಕರೆಂಟನ್ನು ಸುಮಾರು 380-400 ವೋಲ್ಟ್ ಡಿಸಿಗೆ ಏರಿಸಿಕೊಳ್ಳುತ್ತದೆ, ಆಮೇಲೆ ಇಳಿಸುತ್ತದೆ. ಒಳಗೆ ಬರುವುದು 230 ಇರಲಿ 170 ಇರಲಿ, ಅದು ಏರಿಸುವುದು ಅಷ್ಟಕ್ಕೇ. ಪಿಎಫ್‌ಸಿ ಇಲ್ಲದ ಅಗ್ಗದ ಯೂನಿಟ್ಟಿಗೆ ಈ ಏಣಿ ಇಲ್ಲ. 230ರಲ್ಲಿ ಅದರ ಕೆಪಾಸಿಟರಿಗೆ 325 ವೋಲ್ಟ್ ಸಿಕ್ಕರೆ 170ರಲ್ಲಿ 240 ಮಾತ್ರ. ಆ ಹೊತ್ತಿಗೆ ಲೈಟ್ ಒಮ್ಮೆ ಮಿನುಗಿದರೂ ಸಾಕು, ಮಷೀನ್ ರೀಸ್ಟಾರ್ಟ್.

ಆದರೆ ಪಿಎಫ್‌ಸಿ ಇದ್ದದ್ದೆಲ್ಲ ಒಂದೇ ಅಲ್ಲ. ಲೇಬಲ್ಲಿನಲ್ಲಿ ಇನ್‌ಪುಟ್ 100-240 ಎಂದಿರಬೇಕು, ಅದನ್ನು ಫುಲ್ ರೇಂಜ್ ಅನ್ನುತ್ತಾರೆ. ನಮ್ಮ ಮಾರುಕಟ್ಟೆಗೆ ಬರುವ ಅಗ್ಗದ ಸರಣಿಗಳಲ್ಲಿ 200-240 ಎಂದಿರುವವು ಬೇಕಾದಷ್ಟಿವೆ, ಹೆಸರಾಂತ ಕಂಪನಿಗಳವೂ ಸೇರಿ. ಕೂಲರ್ ಮಾಸ್ಟರ್‌ನ ಎಂಡಬ್ಲ್ಯೂಇ ಬ್ರಾಂಜ್ ವಿ2 ಸರಣಿಯನ್ನೇ ತೆಗೆದುಕೊಳ್ಳಿ, 230 ವೋಲ್ಟಿನ ಆವೃತ್ತಿ ಬೇರೆ, ಫುಲ್ ರೇಂಜ್ ಆವೃತ್ತಿ ಬೇರೆ, ಪೆಟ್ಟಿಗೆ ನೋಡಿದರೆ ಒಂದೇ ಅನ್ನಿಸುತ್ತದೆ. ಬೆಂಗಳೂರಿನ ನಡುವೆ ಫ್ಲ್ಯಾಟಿನಲ್ಲಿ ಇರುವವರಿಗೆ 200-240 ನಡೆದೀತು. ನಿಮಗೆ ಬೇಡವೇ ಬೇಡ. ಈಗ ನಿಮ್ಮ ಕೈಲಿರುವುದಂತೂ 220ರಿಂದ ಶುರು.

ಇನ್ನೊಂದು ಗಮನಿಸಿ: ವೋಲ್ಟೇಜ್ ಇಳಿದರೆ ಆಂಪ್ ಏರುತ್ತದೆ. ಗೋಡೆಯಿಂದ 260 ವ್ಯಾಟ್ ಎಳೆಯುವ ಮಷೀನ್ 230ರಲ್ಲಿ 1.13 ಆಂಪ್ ತೆಗೆದುಕೊಂಡರೆ 170ರಲ್ಲಿ 1.53. ಒಳಗಿನ ಭಾಗಗಳು ಅಷ್ಟು ಹೆಚ್ಚು ಕಾಯುತ್ತವೆ. ನಿಮ್ಮಂಥ ಊರಿನವರು ಪೂರ್ತಿ ಅಂಚಿಗೆ ತಂದು ಲೆಕ್ಕ ಹಾಕಬಾರದು. 280 ವ್ಯಾಟಿನ ಮಷೀನಿಗೆ 450 ಅನ್ನದೆ 550 ಅಂದದ್ದು ಅದಕ್ಕೇ.

ಕಡಲತೀರ

ವ್ಯಾಟು, ಪದಕ ಎಲ್ಲ ಆಯ್ತು. ಅರ್ಥಿಂಗ್ ಉಂಟಾ ಅಂತ ಯಾರೂ ಕೇಳಲಿಲ್ಲವಲ್ಲ ಮಾರಾಯ್ರೇ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದರೆ ಜುಮ್ ಅನ್ನುತ್ತದಾ ನೋಡಿ.

ಅಡಿಕೆತೋಟ

ಹೌದು! ತಮ್ಮನ ಹಳೆಯ ಕಂಪ್ಯೂಟರಿನಲ್ಲಿ ಬರಿಗಾಲಲ್ಲಿ ಪೆನ್‌ಡ್ರೈವ್ ಹಾಕಲು ಹೋದರೆ ಬೆರಳಿಗೆ ಹೊಡೆಯುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆ ಅಂದುಕೊಂಡಿದ್ದೆವು.

ಕಡಲತೀರ

ಎಸ್‌ಎಂಪಿಎಸ್ ಸರಿಯಾಗಿಯೇ ಉಂಟು, ಅರ್ಥ್ ಇಲ್ಲ. ಸಾಮಾನ್ಯವಾಗಿ ಎಸ್‌ಎಂಪಿಎಸ್‌ನ ಬಾಗಿಲಲ್ಲೇ ಒಂದು ಫಿಲ್ಟರ್ ಇರುತ್ತದೆ. ಫೇಸಿನಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್, ನ್ಯೂಟ್ರಲ್‌ನಿಂದ ಬಾಡಿಗೆ ಇನ್ನೊಂದು. ಬಾಡಿ ಭೂಮಿಗೆ ಸೇರಿದ್ದರೆ ಆ ಸೋರಿಕೆ ಅಲ್ಲಿಗೇ ಇಳಿದು ಹೋಗುತ್ತದೆ. ಸೇರದಿದ್ದರೆ ಬಾಡಿ ಎರಡರ ನಡುವೆ ತೇಲುತ್ತದೆ, ಅಂದರೆ ಸುಮಾರು 115 ವೋಲ್ಟಿನಲ್ಲಿ. ಕರೆಂಟ್ ಬಹಳ ಕಡಿಮೆ, ಹಾಗಾಗಿ ಜುಮ್ ಅನ್ನುತ್ತದೆ ಅಷ್ಟೆ. ಆದರೆ ಒಳಗೆ ಏನಾದರೂ ಕೆಟ್ಟು ಫೇಸ್ ನೇರ ಬಾಡಿಗೆ ತಾಗಿದ ದಿನ ಪ್ರಾಣಕ್ಕೇ ಅಪಾಯ.

ನಮ್ಮ ಕರಾವಳಿಯಲ್ಲೂ ನಿಮ್ಮ ಕಡೆಯೂ ಜಂಬಿಟ್ಟಿಗೆ ಮಣ್ಣು. ಮಳೆಗಾಲದಲ್ಲಿ ಪರವಾಗಿಲ್ಲ, ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಗುಂಡಿ ಇದ್ದೂ ಇಲ್ಲದ ಹಾಗೆ. ಎಲೆಕ್ಟ್ರಿಷಿಯನ್ ಕರೆಸಿ ಅಳತೆ ಮಾಡಿಸಿ, ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಓಡಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಾಗೆಯೇ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಒಂದು ಹಾಕಿಸಿಕೊಳ್ಳಿ.

ಸಿಡಿಲಿಗೆ ಯಾವ ಎಸ್‌ಎಂಪಿಎಸ್ ಕೂಡ ತಡೆಯುವುದಿಲ್ಲ. ಒಳಗಿರುವ ಎಂಒವಿ ಎಂಬ ಭಾಗ ಸಣ್ಣಪುಟ್ಟ ಸರ್ಜ್ (ವೋಲ್ಟೇಜಿನ ದಿಢೀರ್ ನೆಗೆತ) ನುಂಗುತ್ತದೆ, ಲೈನಿಗೇ ಸಿಡಿಲು ಬಿದ್ದರೆ ಅದರ ಕೈಲಾಗುವುದಿಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಲ್ಯಾನ್ ಕೇಬಲ್ಲನ್ನೂ ಕೀಳಿ. ಫೈಬರ್ ಇದ್ದರೂ ರೌಟರಿನ ಅಡಾಪ್ಟರ್ ಅದೇ ಲೈನಿನಲ್ಲಿ ಉಂಟು, ಅಲ್ಲಿಂದ ಕಂಪ್ಯೂಟರಿಗೆ ಬರುವುದು ತಾಮ್ರದ ತಂತಿಯೇ.

ಸರ್ವಿಸ್‌ಬೆಂಚ್

ಕಡಲತೀರ ಅವರು ಹೇಳಿದ್ದಕ್ಕೆ ಒಂದೇ ಸೇರ್ಪಡೆ. ಹಳ್ಳಿ ಲೈನಿನಲ್ಲಿ ಗಾಳಿಗೆ ನ್ಯೂಟ್ರಲ್ ಕಟ್ಟಾದರೆ ಮನೆಗೆ 300 ದಾಟಿ ವೋಲ್ಟೇಜ್ ಬರಬಹುದು. ಕಡಿಮೆ ವೋಲ್ಟೇಜಿಗಿಂತ ಇದು ಭಯಂಕರ. ವೋಲ್ಟೇಜ್ ಮಿತಿ ಮೀರಿದರೆ ತಾನೇ ಕಡಿತ ಮಾಡುವ ಕಟ್-ಆಫ್ ಸಾಧನ ಮನೆಯ ಮೇನ್ ಬೋರ್ಡಿನಲ್ಲಿ ಹಾಕಿಸಿದರೆ ಕಂಪ್ಯೂಟರ್ ಒಂದೇ ಅಲ್ಲ, ಫ್ರಿಜ್ಜು, ಟಿವಿಯೂ ಉಳಿಯುತ್ತವೆ.

ಅಡಿಕೆತೋಟ

ತುಂಬಾ ಉಪಕಾರ. ಇನ್ವರ್ಟರ್ ಇರುವುದರಿಂದ ಬೇರೆ ಯುಪಿಎಸ್ ಬೇಡ ತಾನೆ?

ಸರ್ವಿಸ್‌ಬೆಂಚ್

ಇನ್ವರ್ಟರ್ ಸ್ಕ್ವೇರ್ ವೇವ್ (ಚೌಕಾಕಾರದ ಅಲೆ ಕೊಡುವಂಥದ್ದು) ಆದರೆ ಕಂಪ್ಯೂಟರಿಗೆ ಕೊಡಬೇಡಿ. ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಆ ಅಲೆಗೆ ಗುಂಯ್ ಅನ್ನುತ್ತವೆ, ಕೆಲವು ನಿಂತೇ ಹೋಗುತ್ತವೆ. ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನಂಥ ನಯವಾದ ಅಲೆ) ಇದ್ದು, ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದಕ್ಕೆ ಹಾಕಿ ನೋಡಿ. ಸಾಮಾನ್ಯ ಮೋಡಿನಲ್ಲಿ ಇನ್ವರ್ಟರ್ ಬದಲಾಗಲು ತೆಗೆದುಕೊಳ್ಳುವ ಸಮಯ ಫ್ಯಾನ್, ಲೈಟಿಗೆ ಸಾಕು, ಕಂಪ್ಯೂಟರಿಗೆ ಸಾಲದು.

ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಹೋದ ಮೇಲೂ ತನ್ನ ದೊಡ್ಡ ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯಿಂದ 16-17 ಮಿಲಿಸೆಕೆಂಡ್ ಎಳೆಯಬೇಕು ಎಂಬುದು ಇಂಟೆಲ್ ಮಾರ್ಗಸೂಚಿಯ ಆಶಯ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಇನ್ವರ್ಟರ್ ಹತ್ತು ಮಿಲಿಸೆಕೆಂಡಿನಲ್ಲಿ ಬದಲಾದರೆ ಮಷೀನಿಗೆ ಗೊತ್ತೇ ಆಗುವುದಿಲ್ಲ. ಕಂಪನಿಗಳು ದುಡ್ಡು ಉಳಿಸುವುದು ಈ ಕೆಪಾಸಿಟರಿನಲ್ಲೇ, ಹಾಗಾಗಿ ಸೈಬೆನೆಟಿಕ್ಸ್ ವರದಿಯಲ್ಲಿ ಹೋಲ್ಡ್-ಅಪ್ ಟೈಮ್ ಎಂಬ ಸಾಲನ್ನು ಮೊದಲು ನೋಡಿ.

ಪ್ರತ್ಯೇಕ ಯುಪಿಎಸ್ ತೆಗೆದುಕೊಳ್ಳುವುದಾದರೆ 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಮಾನಿಟರ್ ಸೇರಿಸಿದರೆ ರೆಂಡರಿಂಗ್ ಹೊತ್ತಿಗೆ ನಿಮಗೆ ಅದು ಬಿಗಿಯಾಗುತ್ತದೆ, 1000 ವಿಎ ನೋಡಿ.

ಬಿಸಿಲನಾಡು

ನಾನು ರಾಯಚೂರು ಕಡಿಯಾಂವ. ನಮ್ಮಲ್ಲಿ ವೋಲ್ಟೇಜಿಗಿಂತ ಬಿಸಿಲಿನ ಚಿಂತಿ ಜಾಸ್ತಿ ಐತ್ರಿ. ಬ್ಯಾಸಿಗಿಯೊಳಗ 42 ಡಿಗ್ರಿ ದಾಟತೈತಿ, ಕ್ಯಾಬಿನೆಟ್ ಒಳಗ ಇನ್ನೂ ಹತ್ತು ಸೇರಸ್ರಿ. ಅದಕ್ಕ ನಾ ಮೊದಲು ನೋಡೋದು ಈ ವ್ಯಾಟ್ ಎಷ್ಟು ಡಿಗ್ರಿಗೆ ಬರದಾರ ಅಂತ. ಕೆಲವು 40 ಡಿಗ್ರಿಗೆ ಪೂರ್ತಿ ಶಕ್ತಿ ಕೊಡತೀವಿ ಅಂತಾವ, ಕೆಲವು 50ಕ್ಕ. ನಮ್ಮಂಥವರಿಗೆ 50ರದ್ದೇ ಬೇಕು. ಕೆಪಾಸಿಟರ್ 105 ಡಿಗ್ರಿದ್ದು ಇರಬೇಕು, 85ರದ್ದು ಬ್ಯಾಡ. ಹತ್ತು ಡಿಗ್ರಿ ತಂಪಾದ್ರ ಅದರ ಆಯಸ್ಸು ಹೆಚ್ಚುಕಡಿಮಿ ಎರಡು ಪಟ್ಟು ಆಗತೈತಿ ಅಂತಾರ. ಲೋಡ್ ಕಡಿಮಿ ಇದ್ದಾಗ ಫ್ಯಾನ್ ನಿಲ್ಲಿಸೋ ಝೀರೊ ಆರ್‌ಪಿಎಂ ಮೋಡ್ ಇದ್ರ ನಾ ಅದನ್ನ ಬಂದ್ ಮಾಡಿ ಇಡತೀನಿ. ಸಪ್ಪಳ ಆದ್ರ ಆಗ್ಲಿ.

ಧೂಳು ಸ್ವಚ್ಛ ಮಾಡಾಕ ಯಾರೂ ಎಸ್‌ಎಂಪಿಎಸ್ ಬಿಚ್ಚಬ್ಯಾಡ್ರಿ. ಪ್ಲಗ್ ಕಿತ್ತ ಮ್ಯಾಲೂ ಒಳಗಿನ ಕೆಪಾಸಿಟರಿನ್ಯಾಗ ನೂರಾರು ವೋಲ್ಟ್ ಉಳಿದಿರತೈತಿ. ಹೊರಗಿಂದನ ಬ್ಲೋವರ್ ಹಿಡೀರಿ, ಫ್ಯಾನ್ ಗರಗರ ತಿರುಗದಂಗ ಕಡ್ಡಿ ತಡೆ ಕೊಡ್ರಿ.

ನ್ಯೂಜೆರ್ಸಿಕನ್ನಡಿಗ

ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ, ಅಣ್ಣನ ಮಗನಿಗೆ ಇಲ್ಲಿಂದಲೇ ಒಂದು ಒಳ್ಳೆಯ ಪವರ್ ಸಪ್ಲೈ ತರಬಹುದೇ? ಇಲ್ಲಿ 120 ವೋಲ್ಟ್.

ಸರ್ವಿಸ್‌ಬೆಂಚ್

ಅಲ್ಲಿನವು ಬಹುತೇಕ ಫುಲ್ ರೇಂಜ್, ಓಡುವುದೇನೋ ಓಡುತ್ತವೆ. ಆದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕಂಪನಿಗೇ ಕೇಳಿ ಖಚಿತ ಮಾಡಿಕೊಳ್ಳಿ. ಕೆಟ್ಟ ದಿನ ಹತ್ತಿರದ ಸರ್ವಿಸ್ ಸೆಂಟರಿನಲ್ಲಿ ಬದಲಿ ಸಿಗುವುದು ಬಹಳ ಮುಖ್ಯ. ಪ್ರೊಸೆಸರ್ ತನ್ನಿ, ಎಸ್‌ಎಸ್‌ಡಿ ತನ್ನಿ, ಇದನ್ನು ಇಲ್ಲೇ ಕೊಳ್ಳಲಿ.

ಬಿಟ್‌ಬೈಟ್

ಹಾಗಾದರೆ ಬ್ರ್ಯಾಂಡ್ ನೋಡಿ ಕೊಂಡರೆ ಆಯಿತಲ್ಲ?

ಲೆಕ್ಕದಪುಸ್ತಕ

ಬ್ರ್ಯಾಂಡ್ ಸಾಲದು, ಸರಣಿ ನೋಡಬೇಕು. ಕೋರ್ಸೇರ್ ತಾನೇ ತಯಾರಿಸುವುದಿಲ್ಲ, ಸಿಡಬ್ಲ್ಯೂಟಿ, ಗ್ರೇಟ್ ವಾಲ್, ಎಚ್‌ಇಸಿಯಂಥ ಕಾರ್ಖಾನೆಗಳಿಂದ ಮಾಡಿಸುತ್ತದೆ. ಸೀಸಾನಿಕ್, ಸೂಪರ್ ಫ್ಲವರ್ ತಮ್ಮದನ್ನೂ ಮಾಡುತ್ತವೆ, ಬೇರೆಯವರಿಗೂ ಮಾಡಿಕೊಡುತ್ತವೆ. ಒಂದೇ ಹೆಸರಿನಡಿ ಅತ್ಯುತ್ತಮವೂ ಇರುತ್ತದೆ, ಸಾಧಾರಣವೂ ಇರುತ್ತದೆ.

2021ರಲ್ಲಿ ಏನಾಯಿತು ನೆನಪಿದೆಯಲ್ಲ. ಗಿಗಾಬೈಟ್‌ನ ಜಿಪಿ-ಪಿ750ಜಿಎಂ, ಜಿಪಿ-ಪಿ850ಜಿಎಂ ಎರಡಕ್ಕೂ ಗೋಲ್ಡ್ ಪದಕವಿತ್ತು. ಯೂಟ್ಯೂಬ್ ಚಾನೆಲ್ ಗೇಮರ್ಸ್ ನೆಕ್ಸಸ್ ನಡೆಸಿದ ಪರೀಕ್ಷೆಯಲ್ಲಿ ಯೂನಿಟ್‌ಗಳು ಸಿಡಿದವು. ಕಂಪನಿ ಆಗಸ್ಟ್‌ನಲ್ಲಿ ಹೇಳಿಕೆ ಕೊಟ್ಟು, ಓವರ್ ಪವರ್ ರಕ್ಷಣೆ (ಲೋಡ್ ಮಿತಿ ಮೀರಿದರೆ ಆಫ್ ಆಗುವುದು) 120-150 ಶೇಕಡಾಕ್ಕೆ ಇದ್ದದ್ದನ್ನು 110-120ಕ್ಕೆ ಇಳಿಸಿದ್ದಾಗಿ ತಿಳಿಸಿತು, ಕೆಲವು ಸೀರಿಯಲ್ ನಂಬರಿನವರಿಗೆ ಬದಲಿ ಕೊಡಲು ಮುಂದಾಯಿತು. ಪದಕದಿಂದ ರಕ್ಷಣೆಯ ಅಂದಾಜು ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸರ್ವಿಸ್‌ಬೆಂಚ್

ಅಡಿಕೆತೋಟ ಅವರಿಗೆ ನೇರವಾಗಿ ಹೇಳುತ್ತೇನೆ: ಕೋರ್ಸೇರ್ ಸಿಎಕ್ಸ್550, ಅದು ಸಿಗದಿದ್ದರೆ ಎಂಎಸ್ಐ ಎಂಎಜಿ ಎ550ಬಿಎನ್. ಎರಡೂ ಬ್ರಾಂಜ್. ಬಿಲ್ ಮಾಡಿಸುವ ಮುಂಚೆ ಪೆಟ್ಟಿಗೆ ಬಿಚ್ಚಿಸಿ, ಲೇಬಲ್ಲಿನಲ್ಲಿ 100-240 ಇದೆಯೇ ಎಂದು ನಿಮ್ಮ ಕಣ್ಣಿನಿಂದಲೇ ಓದಿ. ಜಿಎಸ್‌ಟಿ ಬಿಲ್ ಇಲ್ಲದೆ ತರಬೇಡಿ, ವಾರಂಟಿಗೆ ಅದೇ ಆಧಾರ. ಹೊಸ 16 ಪಿನ್ ಕನೆಕ್ಟರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 2022ರಲ್ಲಿ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡುಗಳಲ್ಲಿ ಕರಗಿದ್ದು ಅದು, ನಿಮ್ಮ ಕಾರ್ಡಿಗೆ ಬೇಕಾದದ್ದು ಹಳೆಯ 8 ಪಿನ್.

ಅಡಿಕೆತೋಟ

ಶಿವಮೊಗ್ಗದಲ್ಲಿ ಸಿಎಕ್ಸ್550 ಸಿಕ್ಕಿತು. ಲೇಬಲ್ ಓದಿಯೇ ತಂದೆ. ಅರ್ಥ್ ಗುಂಡಿ ಹೊಸದಾಗಿ ತೆಗೆಸುತ್ತಿದ್ದೇವೆ, ಅಲ್ಲಿಯವರೆಗೆ ಮಷೀನ್ ಆನ್ ಮಾಡುವುದಿಲ್ಲ ಅಂತ ತಮ್ಮನಿಗೆ ಹೇಳಿದ್ದೇನೆ. ಇನ್ನೊಂದೇ ಪ್ರಶ್ನೆ. ಇದರ ಸಾಟಾ ವೈರ್ ಒಂದು ಹಾರ್ಡ್ ಡಿಸ್ಕಿಗೆ ಎಟುಕುತ್ತಿಲ್ಲ. ಸ್ನೇಹಿತನ ಬಳಿ ಬೇರೆ ಕಂಪನಿಯ ಮಾಡ್ಯುಲರ್ (ಕೇಬಲ್ ಬಿಡಿಸಿ ಹಾಕಬಹುದಾದ) ಎಸ್‌ಎಂಪಿಎಸ್ ಇದೆ, ಅದಕ್ಕೆ ಒಂದು ಸಾಟಾ ಕೇಬಲ್ ಕಡಿಮೆ ಬಿದ್ದಿದೆಯಂತೆ. ನನ್ನ ಹಳೆಯದರಿಂದ ಕತ್ತರಿಸಿ ಕೊಡಲೇ? ಅವನ ಉದ್ದದ ಕೇಬಲ್ ನಾನು ತೆಗೆದುಕೊಳ್ಳಬಹುದೇ?

ಸರ್ವಿಸ್‌ಬೆಂಚ್

ಎರಡೂ ಬೇಡ. ಹಾರ್ಡ್ ಡಿಸ್ಕ್ ಕಡೆಯ ತುದಿಗೆ ಮಾತ್ರ ಸ್ಟ್ಯಾಂಡರ್ಡ್ ಇದೆ. ಮಾಡ್ಯುಲರ್ ಯೂನಿಟ್ಟಿನಲ್ಲಿ ಎಸ್‌ಎಂಪಿಎಸ್ ಕಡೆಯ ತುದಿ ಕಂಪನಿ ಕಂಪನಿಗೆ ಬೇರೆ, ಒಂದೇ ಕಂಪನಿಯ ಎರಡು ಸರಣಿಗಳಲ್ಲೂ ಬೇರೆ ಇರಬಹುದು. ಕನೆಕ್ಟರ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಬರಬೇಕಾದ ಪಿನ್ನಿಗೆ 12 ವೋಲ್ಟ್ ಬರುತ್ತದೆ. ಆನ್ ಮಾಡಿದ ಕ್ಷಣ ಡಿಸ್ಕ್ ಹೋಯಿತು, ಒಳಗಿನ ಮದುವೆ ಫೂಟೇಜ್ ಸಮೇತ. ನಿಮ್ಮ ಸಿಎಕ್ಸ್550ರಲ್ಲಿ ವೈರ್‌ಗಳು ಕಾಯಂ ಆಗಿ ಸೇರಿರುವುದರಿಂದ ಅವನ ಕೇಬಲ್ ಸಿಕ್ಕಿಸಲು ಜಾಗವೂ ಇಲ್ಲ. ಡಿಸ್ಕನ್ನೇ ಕೆಳಗಿನ ಖಾನೆಗೆ ಬದಲಿಸಿ ನೋಡಿ. ಆಗಲೂ ಎಟುಕದಿದ್ದರೆ ಸಾಟಾದಿಂದ ಸಾಟಾಗೆ ಹೋಗುವ ಎಕ್ಸ್‌ಟೆನ್ಷನ್ ಸಿಗುತ್ತದೆ, ಅಚ್ಚು ಹೊಯ್ದದ್ದು ಬಿಟ್ಟು ವೈರ್‌ಗಳನ್ನು ಒಂದೊಂದಾಗಿ ಕ್ರಿಂಪ್ ಮಾಡಿದ್ದನ್ನು ಕೇಳಿ ತನ್ನಿ. ಸ್ನೇಹಿತನಿಗೆ ಹೇಳಿ: ಅವನ ಮಾಡೆಲ್ ಹೆಸರು ಕೊಟ್ಟು ಅದೇ ಕಂಪನಿಯ ಸರ್ವಿಸ್ ಸೆಂಟರಿನಿಂದಲೇ ಕೇಬಲ್ ತರಿಸಿಕೊಳ್ಳಲಿ.